ನಾರ್ವೆಯ ಗಾದೆ, ಮುರ್ಡೇಶ್ವರದ ಮಳೆ

'ಕೆಟ್ಟ ಹವೆ ಎಂಬುದಿಲ್ಲ, ಇರುವುದು ಕೆಟ್ಟ ಬಟ್ಟೆ ಮಾತ್ರ.' ನಾರ್ವೆಯ ಮಾತುಗಳಲ್ಲಿ ಹೊರಗಿನ ಜಗತ್ತಿಗೆ ಹೆಚ್ಚು ಗೊತ್ತಿರುವುದು ಇದೇ ಇರಬೇಕು. ಮೊಬೈಲಿಗೆ ಬೆಳಗಿನ ಶುಭಾಶಯದ ಜೊತೆ ಬರುತ್ತದೆ, ಆತ್ಮವಿಶ್ವಾಸದ ಪಾಠ ಹೇಳುವ ಪುಸ್ತಕಗಳಲ್ಲಿ ಬರುತ್ತದೆ. ಪರಿಸ್ಥಿತಿಯನ್ನು ದೂರಬೇಡ, ನೀನು ತಯಾರಾಗು ಎಂದು ಅದಕ್ಕೆ ಅರ್ಥ ಬರೆಯುತ್ತಾರೆ. ಈ ಮಾತನ್ನು ಜೂನ್ ತಿಂಗಳ ಮುರ್ಡೇಶ್ವರದಲ್ಲಿ ಕುಳಿತು ಓದಿದರೆ ಮಾತ್ರ ಅದು ಸುಳ್ಳಾಗಿ ಕೇಳಿಸುತ್ತದೆ. ಇಪ್ಪತ್ತು ಅಂತಸ್ತಿನ ರಾಜಗೋಪುರದ ಆಚೆಗಿರುವ ಕಡಲು ಆಗ ಬೂದುಬಣ್ಣಕ್ಕೆ ತಿರುಗಿರುತ್ತದೆ. ಬಿಸಿಲ ದಿನಗಳಲ್ಲಿ ಕಾಣುವ ನೇತ್ರಾಣಿ ದ್ವೀಪ ಎಲ್ಲಿದೆಯೆಂದೇ ತಿಳಿಯುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲವೆಂಬುದು ಸರ್ಕಾರದ ಕಾರಣ. ಸರ್ಕಾರ ಹುಟ್ಟುವ ಮೊದಲೇ ಕಡಲು ತಾನಾಗಿ ಹೇರಿದ್ದ ನಿಷೇಧವೂ ಅದೇ. ನೂಲಹುಣ್ಣಿಮೆಗೆ ತೆಂಗಿನಕಾಯಿ ಒಪ್ಪಿಸಿ, ಕಡಲಿನ ಅಪ್ಪಣೆ ಪಡೆದು ಇಳಿಯುವ ಜನರಿಗೆ ಕೆಟ್ಟ ಹವೆ ಎಂಬುದಿದೆ. ಅದಕ್ಕೆ ಯಾವ ಬಟ್ಟೆಯೂ ಉತ್ತರವಲ್ಲ.

ಹಾಗಾದರೆ ನಾರ್ವೆಯವರು ಸುಳ್ಳು ಹೇಳಿದರೇ? ಅವರಿಗೂ ಕಡಲು ಗೊತ್ತು. ಲೊಫೋಟೆನ್ ದ್ವೀಪಗಳ ಸುತ್ತ ಕಾಡ್ ಮೀನಿನ ಸುಗ್ಗಿ ಇರುವುದು ಚಳಿಗಾಲದಲ್ಲಿ, ಜನವರಿಯಿಂದ ಏಪ್ರಿಲ್‌ವರೆಗೆ. ತೆರೆದ ದೋಣಿಗಳಲ್ಲಿ ಅಲ್ಲಿಗೆ ಹೋಗಿ ಮರಳಿ ಬಾರದವರ ನೆನಪು ಉತ್ತರ ನಾರ್ವೆಯ ಹಳ್ಳಿಗಳಲ್ಲಿ ದಟ್ಟವಾಗಿದೆ. ಈ ಮಾತು ದೋಣಿಯ ಮಾತಲ್ಲ, ಹೊಸ್ತಿಲಿನ ಮಾತು. ಮಳೆಯಿರಲಿ, ಹಿಮವಿರಲಿ, ಮಕ್ಕಳನ್ನು ಹೊರಗೆ ಆಡಲು ಬಿಡುವ ಪದ್ಧತಿ ಅಲ್ಲಿನ ಶಿಶುವಿಹಾರಗಳಲ್ಲಿದೆ. ಹೊರಗೆ ಹೋಗಲು ಮುಖ ಸಿಂಡರಿಸುವ ಮಗುವಿಗೆ ದೊಡ್ಡವರು ಟೋಪಿ ತೊಡಿಸುತ್ತ ಹೇಳುವ ಮಾತು ಇದು. ನಾರ್ವೆ ಭಾಷೆಯಲ್ಲಿ ಹವೆಗೆ 'ವ್ಯಾರ್', ಬಟ್ಟೆಗೆ 'ಕ್ಲ್ಯಾರ್'. ಎರಡೂ ಪ್ರಾಸಕ್ಕೆ ಬಿದ್ದು ಮಾತು ಆಟವಾಗುತ್ತದೆ, ಮಗು ನಗುತ್ತದೆ. ಪ್ರಾಸ ಕಳೆದು, ಹೊಸ್ತಿಲು ಕಳೆದು, ಮಗುವನ್ನೂ ಕಳೆದು ನಮ್ಮ ಕೈಗೆ ಬರುವಾಗ ಉಳಿಯುವುದು ಉಪದೇಶ ಮಾತ್ರ. ಆ ಉಪದೇಶವನ್ನು ಮುರ್ಡೇಶ್ವರದ ಮೀನುಗಾರನ ಮುಂದಿಟ್ಟರೆ ಅದು ಅವಮಾನವೂ ಆಗಬಹುದು.

ಗಾದೆಯ ಬಗ್ಗೆ ನನ್ನ ವಾದ ಇಲ್ಲಿಂದಲೇ ಹೊರಡುತ್ತದೆ. ಗಾದೆಯನ್ನು ನಾವು ಹೇಳಿಕೆ ಎಂದು ಓದುತ್ತೇವೆ, ಅದು ಕ್ರಿಯೆ. ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಹೇಳಿದರು ಎಂಬುದು ಅದರ ಅರ್ಥದ ಹೊರಗಿನ ವಿವರವಲ್ಲ, ಅದರ ಅರ್ಥವೇ. 'ವೇದ ಸುಳ್ಳಾದರೂ ಗಾದೆ ಸುಳ್ಳಾಗದು' ಎಂಬ ಮಾತನ್ನು ಗಾದೆಗಳಲ್ಲಿ ಸಾರ್ವಕಾಲಿಕ ಸತ್ಯವಿದೆ ಎನ್ನುವುದಕ್ಕೆ ಸಾಕ್ಷಿಯಾಗಿ ಬಳಸುತ್ತೇವೆ. ನನಗೆ ಅದು ಬೇರೆ ರೀತಿ ಕೇಳುತ್ತದೆ. ಗಾದೆ ಸುಳ್ಳಾಗದಿರುವುದು ಅದು ತನಗೆ ಹೊಂದುವ ಸಂದರ್ಭದಲ್ಲಿ ಮಾತ್ರ ಬಾಯಿಗೆ ಬರುತ್ತದೆ ಎಂಬ ಕಾರಣಕ್ಕೆ. ಹೊಂದದ ಕಡೆ ಅದನ್ನು ಯಾರೂ ಹೇಳುವುದಿಲ್ಲ. ಹಾಗಾಗಿಯೇ ಒಂದೇ ಭಾಷೆಯಲ್ಲಿ ಪರಸ್ಪರ ವಿರುದ್ಧವಾದ ಗಾದೆಗಳು ಜಗಳವಿಲ್ಲದೆ ಬದುಕುತ್ತವೆ.

ನಮ್ಮ ಶಾಲೆಗಳು ಕಲಿಸುವುದು ಇದರ ತದ್ವಿರುದ್ಧ. ಹತ್ತನೆಯ ತರಗತಿಯ ಕನ್ನಡ ಪರೀಕ್ಷೆ ಬರೆದ ಎಲ್ಲರಿಗೂ 'ಗಾದೆಯನ್ನು ವಿಸ್ತರಿಸಿ' ಎಂಬ ಪ್ರಶ್ನೆ ನೆನಪಿದ್ದೇ ಇರುತ್ತದೆ. ಗಾದೆಗಳು ಹಿರಿಯರ ಅನುಭವದ ಸಾರ ಎಂಬ ವಾಕ್ಯದಿಂದ ಶುರು ಮಾಡಿ, ಅರ್ಥ ಬರೆದು, ನೀತಿ ಬರೆದು, ಅಂಕ ತೆಗೆದುಕೊಳ್ಳುತ್ತೇವೆ. ಬದುಕಿನಲ್ಲಿ ಗಾದೆಯ ಕೆಲಸ ದೊಡ್ಡ ಸಂದರ್ಭವೊಂದನ್ನು ಮುಷ್ಟಿಯಷ್ಟು ಚಿಕ್ಕದಾಗಿಸುವುದು. ಪರೀಕ್ಷೆಯಲ್ಲಿ ನಾವು ಆ ಮುಷ್ಟಿಯನ್ನು ಬಿಡಿಸಿ, ಒಳಗೆ ಏನೂ ಇಲ್ಲ ಎಂದು ತೋರಿಸುತ್ತೇವೆ. ಇದೇ ಅಭ್ಯಾಸ ಮುಂದೆ ಅನುವಾದಕ್ಕೂ ಬರುತ್ತದೆ. ಪರಭಾಷೆಯ ಗಾದೆ ಸಿಕ್ಕಿದ ಕೂಡಲೇ 'ಇದಕ್ಕೆ ಸಮಾನವಾದ ಕನ್ನಡ ಗಾದೆ ಯಾವುದು' ಎಂದು ಕೇಳುತ್ತೇವೆ. ಸಿಕ್ಕಿದರೆ ಕೆಲಸ ಮುಗಿಯಿತು.

ಕೆಲವೊಮ್ಮೆ ಸಮಾನ ಗಾದೆ ನಿಜಕ್ಕೂ ಸಿಗುತ್ತದೆ. ಅನೇಕ ಸಣ್ಣ ತೊರೆಗಳು ಸೇರಿ ದೊಡ್ಡ ಹೊಳೆಯಾಗುತ್ತದೆ ಎಂದು ನಾರ್ವೆಯವರು ಹೇಳುತ್ತಾರೆ. ಅಲ್ಲಿ ಸಣ್ಣದಕ್ಕೆ 'ಸ್ಮೋ', ಹೊಳೆಗೆ ಬರೀ 'ಓ'. 'ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ' ಎನ್ನುವ ನಮ್ಮ ಮಾತಿಗೂ ಅದಕ್ಕೂ ಅರ್ಥದಲ್ಲಷ್ಟೇ ಅಲ್ಲ, ನಡೆಯಲ್ಲೂ ನೆಂಟಸ್ತನವಿದೆ. ಎರಡೂ ಪ್ರಾಸದ ಮೇಲೆ ನಿಂತಿವೆ, ಎರಡೂ ನೀರನ್ನು ನೋಡಿದ ಜನರ ಮಾತು. ನಾವು ನೀರಿನ ಜೊತೆಗೆ ಕಾಳನ್ನೂ ಅಳೆದಿದ್ದೇವೆ ಎಂಬುದೊಂದೇ ವ್ಯತ್ಯಾಸ.

ಆದರೆ ಇನ್ನೊಂದನ್ನು ನೋಡಿ. 'ಬೆಳಗಿನ ಹೊತ್ತಿಗೆ ಬಾಯಲ್ಲಿ ಚಿನ್ನವಿದೆ.' ನಾರ್ವೆಯಲ್ಲಿ ಹೊತ್ತಿಗೆ 'ಸ್ಟುನ್', ಬಾಯಿಗೆ 'ಮುನ್'. ಬಾಯಿ ಇದೆ, ಪ್ರಾಸ ಇದೆ, ದುಡಿಮೆಯ ಹೊಗಳಿಕೆ ಇದೆ. ಆದ್ದರಿಂದ 'ಕೈ ಕೆಸರಾದರೆ ಬಾಯಿ ಮೊಸರು' ಇದಕ್ಕೆ ಸಮ ಎಂದು ಯಾರಾದರೂ ಬರೆದರೆ ಮೇಲ್ನೋಟಕ್ಕೆ ಒಪ್ಪಬಹುದು. ಒಪ್ಪಿದರೆ ಮುಖ್ಯವಾದದ್ದೇ ತಪ್ಪಿಹೋಗುತ್ತದೆ. ಅಲ್ಲಿ ಬಾಯಿ ಇರುವುದು ಬೆಳಗಿಗೆ. ಬೇಗ ಎದ್ದವನಿಗೆ ಹೊತ್ತು ತಾನೇ ಬಾಯಿ ತೆರೆದು ಚಿನ್ನ ಕೊಡುತ್ತದೆ. ಇಲ್ಲಿ ಬಾಯಿ ದುಡಿದವನದೇ. ಮೊದಲು ಅವನ ಕೈ ಕೆಸರಾಗಬೇಕು, ಆಮೇಲೆ ಅವನ ಬಾಯಿಗೆ ಮೊಸರು. ಒಂದು ಮಾತು ಸಮಯವನ್ನು ಸಂಪತ್ತೆಂದು ನೋಡುತ್ತದೆ, ಇನ್ನೊಂದು ಗದ್ದೆಯಿಂದ ಅಡುಗೆಮನೆಯವರೆಗಿನ ದಾರಿಯನ್ನು ನೋಡುತ್ತದೆ. ಚಿನ್ನವನ್ನು ತಿನ್ನಲಾಗದು, ಮೊಸರನ್ನು ಕೂಡಿಡಲಾಗದು. ಇಷ್ಟು ದೂರದ ಎರಡು ಲೋಕಗಳನ್ನು 'ಸಮಾನ' ಎಂಬ ಒಂದು ಪದ ಅಳಿಸಿಹಾಕುತ್ತದೆ.

ಮೂರನೆಯದು ಕರಡಿಯದು. ಕರಡಿಗೆ ಗುಂಡು ಹೊಡೆಯುವ ಮೊದಲೇ ಅದರ ಚರ್ಮ ಮಾರಬೇಡ ಎನ್ನುತ್ತದೆ ನಾರ್ವೆ. 'ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು' ಎನ್ನುತ್ತೇವೆ ನಾವು. ಸಂದರ್ಭ ಒಂದೇ, ಆತುರವನ್ನು ಗೇಲಿ ಮಾಡುವುದು. ಆದರೆ ಅವರ ಆತುರ ಬೇಟೆಗಾರನದು, ಸಂತೆಯದು. ನಮ್ಮದು ಬಸುರಿಯಿರುವ ಮನೆಯದು. ಅವರದು ಎಚ್ಚರಿಕೆ, ಎದುರಿಗೆ ಇರುವವನಿಗೆ ಹೇಳುವಂಥದ್ದು. ನಮ್ಮದು ಆಡಿಕೊಳ್ಳುವುದು, ಎದುರಿಗೆ ಇಲ್ಲದವರ ಬಗ್ಗೆ. ಕೂಸಿನ ಆಸೆಗೆ ಟೊಪ್ಪಿಗೆ ಹೊಲಿಸಿದ ಮನೆಯವರನ್ನು ನೋಡಿ ನಗುವಾಗ ನಮ್ಮ ನಗೆಯೊಳಗೆ ಸ್ವಲ್ಪ ಭಯವೂ ಇರುತ್ತದೆ. ಕೂಸು ಉಳಿಯುವುದು ಖಾತ್ರಿಯಿಲ್ಲದ ಕಾಲದ ಭಯ ಅದು. ಕರಡಿಯ ಚರ್ಮದಲ್ಲಿ ಈ ಭಯವಿಲ್ಲ.

ಸಮಾನ ಸಿಗದ ಮಾತುಗಳೇ ಹೆಚ್ಚು ಕಲಿಸುತ್ತವೆ. ಏನೋ ಅನುಮಾನಾಸ್ಪದವಾಗಿದೆ ಎನ್ನುವುದಕ್ಕೆ ನಾರ್ವೆಯವರು 'ಜೌಗಿನಲ್ಲಿ ಗೂಬೆಗಳಿವೆ' ಎನ್ನುತ್ತಾರೆ. ಜೌಗಿನಲ್ಲಿ ಗೂಬೆಗೇನು ಕೆಲಸ? ಮೂಲದಲ್ಲಿ ಇದ್ದದ್ದು ತೋಳಗಳು, ಹಳೆಯ ಉಚ್ಚಾರಣೆಯಲ್ಲಿ ತೋಳದ ಹೆಸರು ಗೂಬೆಯ ಹೆಸರಿನಂತೆ ಕೇಳಿ ತೋಳ ಹೋಗಿ ಗೂಬೆ ಬಂದು ಕುಳಿತಿತು ಎಂದು ವಿವರಿಸುತ್ತಾರೆ. ಕಿವಿ ತಪ್ಪಿ ಕೇಳಿದ್ದನ್ನು ನಾಲಿಗೆ ಉಳಿಸಿಕೊಂಡಿತು. ಗಾದೆ ಅರ್ಥದಿಂದ ಬದುಕುತ್ತದೆ ಎಂದು ನಂಬಿದವರು ಈ ಗೂಬೆಗಳನ್ನು ನೋಡಬೇಕು. ತಿಳಿಗೇಡಿಯಾದವನನ್ನು 'ಕಂದು ಚೀಸಿನ ಹಿಂದೆ ಹುಟ್ಟಿದವನು' ಎನ್ನುವುದು ಇನ್ನೊಂದು. ಅವರು 'ಬ್ರೂನೋಸ್ಟ್' ಎನ್ನುವ, ಹಾಲಿನ ತಿಳಿಯನ್ನು ಗಂಟೆಗಟ್ಟಲೆ ಕುದಿಸಿ ಮಾಡುವ ಆ ಸಿಹಿ ಚೀಸು ಮನೆಮನೆಯ ತಿಂಡಿಮೇಜಿನ ಮೇಲಿರುವ ವಸ್ತು. ಅಷ್ಟು ಸಾಮಾನ್ಯವಾದದ್ದರ ಹಿಂದೆ ಅಡಗಿ ಏನನ್ನೂ ಕಾಣದೆ ಬೆಳೆದವನು ಎಂಬ ಕುಹಕ ಅದರಲ್ಲಿದೆ. ಇದನ್ನು ಬೆಣ್ಣೆಯೆಂದೋ ಬೆಲ್ಲವೆಂದೋ ಬದಲಿಸಿದರೆ ಕುಹಕ ಸತ್ತುಹೋಗುತ್ತದೆ.

ಮತ್ತೊಂದು ಮಾತು 'ವಿರ್ಕೋಲಾನ ನಂತರ ಜಿಗಿಯುವುದು'. ಬ್ಯೋರ್ನ್ ವಿರ್ಕೋಲಾ 1960ರ ದಶಕದ ಸ್ಕೀ ಜಿಗಿತಗಾರ. ಯುರೋಪಿನ ಪ್ರತಿಷ್ಠಿತ ನಾಲ್ಕು ಬೆಟ್ಟಗಳ ಪಂದ್ಯಾವಳಿಯನ್ನು 1967ರಿಂದ ಸತತ ಮೂರು ಬಾರಿ ಗೆದ್ದವನು. ಅವನು ಜಿಗಿದ ಮೇಲೆ ಜಿಗಿಯಬೇಕಾದವನ ಪಾಡು ಯಾರಿಗೂ ಬೇಡ. ಅತಿ ಸಮರ್ಥರಾದವರ ಜಾಗಕ್ಕೆ ಬರುವ ಯಾರಿಗೆ ಬೇಕಾದರೂ ಇದನ್ನು ಹೇಳುತ್ತಾರೆ. ನಮ್ಮ ಕಡೆಯವರಿಗೆ ಇದನ್ನು ನಿಘಂಟಿನಿಂದ ವಿವರಿಸಬೇಕಾಗಿಲ್ಲ. ಹೊನ್ನಾವರದ ಸೀಮೆಯಲ್ಲಿ ರಾತ್ರಿಯಿಡೀ ಯಕ್ಷಗಾನ ನೋಡಿದವರಿಗೆ, ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕ ಕುಣಿದು ಒಳಗೆ ಹೋದ ಮೇಲೆ ರಂಗಕ್ಕೆ ಬರಬೇಕಾದ ವೇಷಧಾರಿಯ ಸ್ಥಿತಿಯನ್ನು ನೆನಪಿಸಿದರೆ ಸಾಕು. 2017ರಲ್ಲಿ ಚಿಟ್ಟಾಣಿ ತೀರಿಕೊಂಡರು. 'ಚಿಟ್ಟಾಣಿಯ ನಂತರ ಕುಣಿಯುವುದು' ಎಂಬುದು ಕನ್ನಡದ ನುಡಿಗಟ್ಟಾಗಲು ಏನೂ ಅಡ್ಡಿಯಿಲ್ಲ. ಇಲ್ಲಿ ನಾನು ಹುಡುಕಿದ್ದು ಸಮಾನ ಗಾದೆಯನ್ನಲ್ಲ, ಸಮಾನ ಸಂದರ್ಭವನ್ನು. ಗಾದೆಯನ್ನು ಅನುವಾದಿಸುವ ದಾರಿ ಇದೇ ಎಂದು ನನಗನ್ನಿಸುತ್ತದೆ.

ಈ ಮಾತುಗಳಿಗೆ 'ನಾರ್ವೆಯ' ಎಂಬ ಚೀಟಿ ಅಂಟಿಸುವುದೂ ಸರಳವಲ್ಲ. ಬೆಳಗಿನ ಬಾಯಿಯ ಚಿನ್ನ ಜರ್ಮನ್ ಭಾಷೆಯಲ್ಲಿ ಅದೇ ಪ್ರಾಸದಲ್ಲಿದೆ. ತೊರೆ-ಹೊಳೆಯ ಮಾತು ಡೆನ್ಮಾರ್ಕಿನವರದ್ದೂ ಹೌದು. ನಾರ್ವೆ ಸುಮಾರು 400 ವರ್ಷ ಡೆನ್ಮಾರ್ಕಿನ ಜೊತೆ ಕಟ್ಟಿಹಾಕಲ್ಪಟ್ಟಿದ್ದ ದೇಶ. 1814ರಲ್ಲಿ ಅದು ಮುಗಿದಾಗ ಅಲ್ಲಿ ಬರೆಯುವ ಭಾಷೆ ಡ್ಯಾನಿಷ್ ಆಗಿತ್ತು; ರೈತರ, ಮೀನುಗಾರರ ಮಾತು ಬರವಣಿಗೆಗೆ ಲಾಯಕ್ಕಲ್ಲದ ಆಡುಮಾತು. ಈವಾರ್ ಓಸೆನ್ ಎಂಬ ರೈತನ ಮಗ 1840ರ ದಶಕದಲ್ಲಿ ಊರೂರು ತಿರುಗಿ ಆ ಆಡುಮಾತುಗಳನ್ನು ಬರೆದುಕೊಂಡ. 1848ರಲ್ಲಿ ವ್ಯಾಕರಣ, 1850ರಲ್ಲಿ ನಿಘಂಟು, 1856ರಲ್ಲಿ ಗಾದೆಗಳ ಸಂಗ್ರಹ. ಇಂದು ನೀನೊಶ್ಕ್ ಎಂದು ಕರೆಯುವ, ನಾರ್ವೆಯ ಎರಡು ಅಧಿಕೃತ ಬರಹರೂಪಗಳಲ್ಲಿ ಒಂದಾದ ಭಾಷೆ ಹುಟ್ಟಿದ್ದು ಈ ಕೆಲಸದಿಂದ. ವ್ಯಾಕರಣ, ನಿಘಂಟುಗಳ ಸಾಲಿನಲ್ಲಿ ಗಾದೆ ಬರುವುದು ಆಕಸ್ಮಿಕವಲ್ಲ. ಹಳ್ಳಿಯವನ ಬಾಯಲ್ಲಿ ಇಷ್ಟು ಗಟ್ಟಿಯಾದ, ಇಷ್ಟು ಚೊಕ್ಕವಾದ ವಾಕ್ಯಗಳಿವೆ ಎಂದ ಮೇಲೆ ಅವನದನ್ನು ಭಾಷೆಯಲ್ಲ ಎನ್ನುವುದು ಹೇಗೆ? ಓಸೆನ್‌ಗೆ ಗಾದೆ ನೀತಿಪಾಠವಾಗಿರಲಿಲ್ಲ, ಸಾಕ್ಷ್ಯವಾಗಿತ್ತು.

ನಮ್ಮಲ್ಲೂ ಅಂಥ ಸಾಕ್ಷ್ಯ ಕೂಡಿಟ್ಟವರಿದ್ದಾರೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಬಂದ ಕಿಟೆಲ್ ನಿಘಂಟಿನಲ್ಲಿ ಪದಗಳ ಬಳಕೆಗೆ ಉದಾಹರಣೆಯಾಗಿ ಕಾವ್ಯಗಳ ಜೊತೆಜೊತೆಗೇ ಗಾದೆಗಳು ಬರುತ್ತವೆ. ಹಳಗನ್ನಡದ ಕವಿಗೂ ಹೆಸರಿಲ್ಲದ ಹಳ್ಳಿಯವಳಿಗೂ ಅಲ್ಲಿ ಒಂದೇ ಪುಟ. ನಮ್ಮ ಜಿಲ್ಲೆಯಲ್ಲೇ ಕುಮಟಾದ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಎಲ್. ಆರ್. ಹೆಗಡೆಯವರು, ಹೊನ್ನಾವರದ ಎನ್. ಆರ್. ನಾಯಕ ಮತ್ತು ಶಾಂತಿ ನಾಯಕ ಅವರು ಹಾಡು, ಕತೆ, ಮಾತುಗಳನ್ನು ಸಂಗ್ರಹಿಸುವುದಕ್ಕೆ ದಶಕಗಳನ್ನೇ ಕೊಟ್ಟರು. ಅವರ ಕೆಲಸದ ಮುಂದೆ, ಊರು ಕೇರಿಯ ಹೆಸರಿಲ್ಲದೆ ಸಾವಿರ ಗಾದೆಗಳನ್ನು ಅಕಾರಾದಿಯಲ್ಲಿ ಜೋಡಿಸಿ ಮಾರುವ ಪುಸ್ತಕಗಳು ನನಗೆ ಬಡವಾಗಿ ಕಾಣುತ್ತವೆ. ಸಂಖ್ಯೆ ಇದೆ, ಬಾಯಿಗಳಿಲ್ಲ.

ಗಾದೆಗೆ ಕರ್ತೃವಿಲ್ಲ, ಹಾಗಾಗಿ ಸಂದರ್ಭ ಕಳೆದುಹೋಗುತ್ತದೆ ಎನ್ನಬಹುದು. ಕರ್ತೃವಿರುವ ಉಕ್ತಿಗಳ ಗತಿಯೂ ಭಿನ್ನವಾಗಿಲ್ಲ. ನಾರ್ವೆಯ ಉಕ್ತಿಗಳೆಂದು ಓಡಾಡುವವುಗಳಲ್ಲಿ ದೊಡ್ಡ ಪಾಲು ಹೆನ್ರಿಕ್ ಇಬ್ಸನ್ನನದು. ಅತ್ಯಂತ ಒಂಟಿಯಾಗಿ ನಿಲ್ಲಬಲ್ಲವನೇ ಅತ್ಯಂತ ಬಲಶಾಲಿ ಎಂಬ ಆಶಯದ ಮಾತು ಅದರಲ್ಲಿ ಪ್ರಸಿದ್ಧ. ಬೆಟ್ಟದ ತುದಿಯಲ್ಲಿ ಒಬ್ಬನೇ ನಿಂತವನ ಚಿತ್ರದ ಮೇಲೆ ಅದನ್ನು ಅಚ್ಚು ಹಾಕುತ್ತಾರೆ. ಅದು 1882ರ 'ಜನಶತ್ರು' ನಾಟಕದ ಕೊನೆಗೆ ಡಾಕ್ಟರ್ ಸ್ಟಾಕ್ಮನ್ ಹೇಳುವ ಮಾತು. ಊರಿನ ಸ್ನಾನಗೃಹಗಳ ನೀರು ಕಲುಷಿತವಾಗಿದೆ ಎಂದು ಸತ್ಯ ಹೇಳಿ, ಊರಿನಿಂದ ಕಲ್ಲೇಟು ತಿಂದು, ಕೆಲಸ ಕಳೆದುಕೊಂಡವನು ಅವನು. ಆದರೆ ಈ ಮಾತು ಹೇಳುವಾಗ ಅವನು ಒಂಟಿಯಲ್ಲ. ಮನೆಯವರನ್ನು ಹತ್ತಿರ ಕರೆದು, ಗುಟ್ಟು ಹೇಳುವಂತೆ ಅದನ್ನು ಹೇಳುತ್ತಾನೆ. ಹೆಂಡತಿ ತಲೆಯಾಡಿಸಿ ನಗುತ್ತಾಳೆ, ಮಗಳು ಪೆತ್ರಾ ಅವನ ಕೈ ಹಿಡಿಯುತ್ತಾಳೆ. ಇಬ್ಸನ್ ಅವನನ್ನು ಮೆಚ್ಚುತ್ತಲೇ ಅವನನ್ನು ನೋಡಿ ನಗುತ್ತಿದ್ದಾನೆ. ರಂಗದ ಮೇಲಿದ್ದ ಹೆಂಡತಿ, ಮಗಳನ್ನು ಅಳಿಸಿದ ಮೇಲೆಯೇ ಆ ಮಾತು ಭಿತ್ತಿಪತ್ರವಾಗುತ್ತದೆ.

ಇದನ್ನು ಓದುವಾಗ ನನಗೆ ನೆನಪಾಗುವುದು ಆಯ್ದಕ್ಕಿ ಮಾರಯ್ಯ. ಕಾಯಕವನ್ನೂ ಕೈಲಾಸವನ್ನೂ ಒಂದು ಮಾಡುವ ಮಾತನ್ನು ನಾವು ಬಸವಣ್ಣನವರ ಹೆಸರಿನಲ್ಲಿ ಗೋಡೆಗಳ ಮೇಲೆ ಬರೆಸಿದ್ದೇವೆ. ಅದು ಬರುವುದು ಮಾರಯ್ಯನ ವಚನದಲ್ಲಿ. ಹೆಸರು ಬದಲಾದದ್ದಕ್ಕಿಂತ ದೊಡ್ಡ ನಷ್ಟ, ಆ ಮಾತಿನ ಪಕ್ಕದಲ್ಲಿದ್ದ ಲಕ್ಕಮ್ಮ ಮರೆಯಾದದ್ದು. ಗಂಡ ದಿನಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ತಿದ್ದಿದವಳು ಅವಳು. ಅವಳಿಲ್ಲದೆ ಕಾಯಕದ ಮಾತು 'ಇನ್ನೂ ದುಡಿ' ಎಂದಷ್ಟೇ ಕೇಳಿಸುತ್ತದೆ, ಯಾವ ಮಾಲೀಕನೂ ಅದನ್ನು ಗೋಡೆಗೆ ತೂಗುಹಾಕಬಹುದು. ಅವಳಿದ್ದರೆ 'ಸಾಕು' ಎಂಬುದೂ ಕೇಳಿಸುತ್ತದೆ. ಆಕ್ಸೆಲ್ ಸಾಂಡೆಮೂಸೆಯ 'ಯಾಂಟೆಯ ಕಾನೂನು' ಇನ್ನೊಂದು ಉದಾಹರಣೆ. ನೀನೇನೋ ದೊಡ್ಡವನೆಂದು ತಿಳಿಯಬೇಡ ಎಂಬರ್ಥದ ಆ ಕಟ್ಟಳೆಗಳನ್ನು ಇಂದು ಸ್ಕ್ಯಾಂಡಿನೇವಿಯದ ವಿನಯವೆಂದು ಹೊಗಳುತ್ತಾರೆ. 1933ರ ಆ ಕಾದಂಬರಿಯಲ್ಲಿ ಅವು ಸಣ್ಣ ಊರೊಂದು ತನ್ನ ಮಕ್ಕಳ ಕತ್ತು ಹಿಸುಕುವ ರೀತಿಗೆ ಇಟ್ಟ ಹೆಸರು. ಜಾತಿಯ, ಬಡತನದ ಕಾರಣಕ್ಕೆ ಅದೇ ಕಟ್ಟಳೆಯನ್ನು ಕೇಳಿ ಬೆಳೆದವರು ನಮ್ಮಲ್ಲಿ ಎಷ್ಟೋ ಜನ. ಅವರಿಗೆ ಅದನ್ನು ವಿನಯದ ಸೂಕ್ತಿಯೆಂದು ಓದಿಸುವುದು ಕ್ರೌರ್ಯ.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದು ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನಾರ್ವೆ ನಮ್ಮ ಕರಾವಳಿಗೆ ದೂರದ ಬೆಟ್ಟವೇನಲ್ಲ. 1952ರ ಒಪ್ಪಂದದ ಮೇಲೆ ಕೇರಳದ ಕೊಲ್ಲಂ ಹತ್ತಿರದ ನೀಂಡಕರದಲ್ಲಿ ಶುರುವಾದ ಭಾರತ-ನಾರ್ವೆ ಮೀನುಗಾರಿಕೆ ಯೋಜನೆ, 1960ರ ದಶಕದಲ್ಲಿ ವಿಸ್ತರಿಸಿ ನಮ್ಮ ಕಾರವಾರಕ್ಕೂ ಬಂತು. ಯಂತ್ರದ ದೋಣಿ, ಹೊಸ ಬಲೆ, ಮಂಜುಗಡ್ಡೆ ಇವು ಅದರ ಭಾಷೆ. 1972ರಲ್ಲಿ ನಾರ್ವೆಯವರ ಪಾತ್ರ ಮುಗಿಯಿತು. ಅದೇ ದಶಕದ ಮಧ್ಯದಲ್ಲಿ ಕರ್ನಾಟಕದ ಕರಾವಳಿಗೆ ಪರ್ಸೀನ್ ಬಲೆ ಬಂದು, ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಇದಕ್ಕೆ ನಾರ್ವೆಯನ್ನೇ ಹೊಣೆ ಮಾಡುವುದು ಸರಿಯಲ್ಲ; ಸಾಲ, ಸರ್ಕಾರ, ರಫ್ತು, ನಮ್ಮವರದೇ ಆಸೆ ಎಲ್ಲವೂ ಅದರಲ್ಲಿದ್ದವು. ನನಗೆ ಮುಖ್ಯವೆನಿಸುವುದು ಬಲೆಯ ಜೊತೆ ಹೋದ ಮಾತು. ರಂಪಣಿ ದಡದಿಂದ ಎಳೆಯುವ ಬಲೆ. ಎರಡು ತುದಿಗಳಲ್ಲಿ ಹತ್ತಾರು ಜನ ನಿಂತು, ಒಂದೇ ಲಯದಲ್ಲಿ ಕೂಗುತ್ತ ಎಳೆಯಬೇಕು. ಹೆಂಗಸರು, ಮಕ್ಕಳು, ದಾರಿಹೋಕರು ಎಲ್ಲ ದಡದಲ್ಲಿ. ಎಳೆದ ಮೇಲೆ ಪಾಲು. ಜಗಳ, ಹಾಸ್ಯ, ಮೂದಲಿಕೆ, ಗಾದೆ ಹುಟ್ಟುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಪರ್ಸೀನ್ ನಡುಗಡಲಿನಲ್ಲಿ ಸುತ್ತುಹಾಕಿ ತಳ ಬಿಗಿಯುವ ಬಲೆ. ಅಲ್ಲಿ ಇಂಜಿನ್ನಿನ ಸದ್ದು ದೊಡ್ಡದು, ದಡ ಎಂಬುದು ಹರಾಜಿನ ಜಾಗ.

ಇಂದು ಕನ್ನಡದಲ್ಲಿ ಬಲೆಯ ನುಡಿಗಟ್ಟು ಹೆಚ್ಚಾಗಿ ಉಳಿದಿರುವುದು ಲಂಚ ತಿಂದ ಅಧಿಕಾರಿ ಲೋಕಾಯುಕ್ತ ಬಲೆಗೆ ಬಿದ್ದ ಎಂಬ ಪತ್ರಿಕೆಯ ತಲೆಬರಹದಲ್ಲಿ. ಮೊಗೇರರ, ಖಾರ್ವಿಗಳ, ಹರಿಕಂತ್ರರ, ದಾಲ್ದಿಗಳ ಕೇರಿಗಳಲ್ಲಿ ಕನ್ನಡ, ಕೊಂಕಣಿ, ನವಾಯತಿ ಒಂದರೊಳಗೊಂದು ಬೆರೆತ ಕಡಲಿನ ಮಾತಿದೆ. ಅದು ನಮ್ಮ ಪಠ್ಯಪುಸ್ತಕದ ಗಾದೆಗಳಲ್ಲಿ ಕಾಣುವುದಿಲ್ಲ. ಅಲ್ಲಿ ಗದ್ದೆ ಇದೆ, ಎತ್ತು ಇದೆ, ಹಾಸಿಗೆ ಇದೆ. 320 ಕಿಲೋಮೀಟರಿನಷ್ಟು ಕರಾವಳಿಯಿರುವ ರಾಜ್ಯದ ಗಾದೆಪಾಠದಲ್ಲಿ ಕಡಲಿಗೆ ಜಾಗವಿಲ್ಲ. 'ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ' ಎಂಬ ಗಾದೆಯನ್ನು ಇಷ್ಟು ಸರಿಯಾಗಿ ಬಳಸುವ ಸಂದರ್ಭ ಇನ್ನೊಂದು ಸಿಗಲಾರದು.

ನಾರ್ವೆಯ ಸೂಕ್ತಿಗಳನ್ನು ಓದಬಾರದು ಎಂದು ನಾನು ಹೇಳುತ್ತಿಲ್ಲ. ಗೂಬೆಗಳ ಜೌಗನ್ನು, ಕಂದು ಚೀಸನ್ನು ನಾನು ಸಂತೋಷದಿಂದಲೇ ಓದಿದ್ದೇನೆ. ಅವು ಕಲಿಸುವುದು ನೀತಿಯನ್ನಲ್ಲ, ಕೇಳುವ ಕ್ರಮವನ್ನು. ಕನ್ನಡ ಎಂ.ಎ. ತರಗತಿಗಳಲ್ಲಿ ಕ್ಷೇತ್ರಕಾರ್ಯಕ್ಕೆಂದು ಹೊರಡುವ ಗೆಳೆಯರಿಗೆ ನನ್ನ ಒಂದೇ ಕೋರಿಕೆ. ಗಾದೆಯ ಎದುರು 'ಅರ್ಥ' ಎಂಬ ಕಲಂ ಹಾಕುವ ಬದಲು ಮೂರು ಕಲಂ ಹಾಕಿ: ಯಾರು ಹೇಳಿದರು, ಯಾರಿಗೆ ಹೇಳಿದರು, ಆಗ ಏನು ನಡೆಯುತ್ತಿತ್ತು. ಅರ್ಥವನ್ನು ಆಮೇಲೆ ಯಾರು ಬೇಕಾದರೂ ಬರೆದುಕೊಳ್ಳಬಹುದು. ಆ ಮೂರನ್ನು ಮಾತ್ರ, ರಂಪಣಿ ಎಳೆದ ಕೈಗಳು ಇನ್ನೂ ದಡದಲ್ಲಿ ಕೂತು ಮಾತಾಡುತ್ತಿರುವಾಗಲೇ ಕೇಳಿಕೊಳ್ಳಬೇಕು.